ಹಪ್ಪಳದ ಕಟ್ಟು, ಬಿಡಿ ಹಪ್ಪಳ: ಚಿತ್ರಪುಸ್ತಕದಿಂದ ಸ್ಥಾನಬೆಲೆ ಕಲಿಸುವುದು

ಒಂದನೇ ತರಗತಿಯ ಮಗುವಿನ ಮುಂದೆ 16 ಕಡ್ಡಿ ಇಟ್ಟು ಎಣಿಸಲು ಹೇಳಿ. ಎಣಿಸಿ "ಹದಿನಾರು" ಎನ್ನುತ್ತದೆ. ಬರೆ ಎಂದರೆ 16 ಎಂದು ಬರೆಯುತ್ತದೆ. ಈಗ 6ರ ಮೇಲೆ ಬೆರಳಿಟ್ಟು "ಇದರಷ್ಟು ಕಡ್ಡಿ ತೋರಿಸು" ಎನ್ನಿ. ಆರು ಕಡ್ಡಿ ಪಕ್ಕಕ್ಕಿಡುತ್ತದೆ. 1ರ ಮೇಲೆ ಬೆರಳಿಟ್ಟು ಅದೇ ಮಾತು ಕೇಳಿದರೆ ಎಷ್ಟೋ ಮಕ್ಕಳು ಎತ್ತುವುದು ಒಂದೇ ಕಡ್ಡಿ. ಉಳಿದ ಒಂಬತ್ತು ಯಾರ ಲೆಕ್ಕಕ್ಕೂ ಸೇರದೆ ಅಲ್ಲೇ ಬಿದ್ದಿರುತ್ತವೆ, ಮಗುವಿಗೆ ಅದು ವಿಚಿತ್ರ ಅನ್ನಿಸುವುದೂ ಇಲ್ಲ. "ಹತ್ತರ ಸ್ಥಾನದಲ್ಲಿ ಒಂದು, ಬಿಡಿ ಸ್ಥಾನದಲ್ಲಿ ಆರು" ಎಂದು ಬಾಯಿಪಾಠ ಒಪ್ಪಿಸುವ ಮಗುವೂ ಹೀಗೆ ಮಾಡುವುದುಂಟು. ಅಂಕಿ ಕೂತ ಜಾಗದಿಂದ ಅದರ ಬೆಲೆ ಬದಲಾಗುತ್ತದೆ ಎಂಬ ಸ್ಥಾನಬೆಲೆ ಅದಕ್ಕಿನ್ನೂ ಒಳಗಿಳಿದಿಲ್ಲ.

ಕಪ್ಪುಹಲಗೆಯ ಮೇಲೆ ಎರಡು ಕಾಲಮು ಎಳೆದು 'ಹತ್ತು', 'ಬಿಡಿ' ಎಂದು ಬರೆದರೆ ಮಗುವಿಗೆ ಸಿಗುವುದು ಎರಡು ಹೆಸರು, ಅಷ್ಟೇ. ಹತ್ತನ್ನು ಯಾಕೆ ಒಟ್ಟುಗೂಡಿಸಬೇಕು, ಕೂಡಿಸಿದ್ದನ್ನು ಯಾವಾಗ ಬಿಚ್ಚಬೇಕು ಎಂಬುದಕ್ಕೆ ಕಾಲಮಿನಲ್ಲಿ ಕಾರಣವಿಲ್ಲ. ಕಥೆ ಕೊಡುವುದು ಆ ಕಾರಣವನ್ನು. ಹಾಗಾಗಿ ಪುಸ್ತಕ ಆರಿಸುವಾಗ ಮೊದಲು ನೋಡಬೇಕಾದದ್ದು ಇಷ್ಟು: ಕಥೆಯೊಳಗಿನವರಿಗೆ ಹತ್ತರ ಕಟ್ಟು ಕಟ್ಟದೆ ಬೇರೆ ದಾರಿ ಇಲ್ಲ ಎಂಬ ಸ್ಥಿತಿ ಬರುತ್ತದೆಯೇ? ಮುಂದೆ ಅದನ್ನು ಬಿಚ್ಚಲೇಬೇಕಾದ ಸ್ಥಿತಿಯೂ ಬರುತ್ತದೆಯೇ? ಎರಡೂ ಇದ್ದರೆ ಒಳ್ಳೆಯ ಪುಸ್ತಕ. ಬರೀ ಒಂದರಿಂದ ಹತ್ತರವರೆಗೆ ಎಣಿಸುವ ಪುಸ್ತಕ ಎಷ್ಟೇ ಚಂದವಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ.

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ಗಣಿತದವನ್ನು ತೆಗೆದು ಚಿತ್ರಗಳನ್ನು ಒಮ್ಮೆ ನೀವೇ ಎಣಿಸಿ ನೋಡಿ. ವಸ್ತುಗಳು ಒಂದರ ಮೇಲೊಂದು ಬಿದ್ದು ಅರ್ಧ ಮುಚ್ಚಿಹೋಗಿದ್ದರೆ ಮಗುವಿನ ಎಣಿಕೆ ಅಲ್ಲೇ ತಪ್ಪುತ್ತದೆ. ಮಾತಿನಲ್ಲಿ 'ಹತ್ತು' ಎಂದಿದ್ದು ಚಿತ್ರದಲ್ಲಿ ಒಂಬತ್ತೇ ಇರುವ ಪುಟ ಸಿಕ್ಕಿದರೆ ಆ ಪುಸ್ತಕ ಬಿಟ್ಟುಬಿಡಿ. ಮಕ್ಕಳು ಅದನ್ನು ಖಂಡಿತ ಹಿಡಿಯುತ್ತಾರೆ, ಆಮೇಲೆ ಪುಸ್ತಕದ ಯಾವ ಮಾತನ್ನೂ ನಂಬುವುದಿಲ್ಲ.

ಸರಿಹೊಂದುವ ಪುಸ್ತಕ ಸಿಗದಿದ್ದರೆ ಮನೆಯಲ್ಲೇ, ಅಂಗನವಾಡಿಯಲ್ಲೇ ಒಂದು ಮಾಡಿಕೊಳ್ಳುವುದು ಸುಲಭ. ಕರಾವಳಿಯ ಮಕ್ಕಳು ಕಂಡ ವಸ್ತುವೇ ಇರಲಿ. ಇಲ್ಲಿ ಹಲಸಿನ ಹಪ್ಪಳವನ್ನು ಹಿಡಿದುಕೊಂಡು ವಿವರಿಸಿದೆ.

ಯಾವ ವಸ್ತು ಬೇಡ

ಊರಿನ ವಸ್ತು ಎಂದು ಮಲ್ಲಿಗೆಯ ಕಥೆ ಬರೆಯುವ ಆಸೆ ಉಡುಪಿ ಕಡೆಯವರಿಗೆ ಬರುವುದು ಸಹಜ. ಆದರೆ ಶಂಕರಪುರದ ಮಲ್ಲಿಗೆಯ ಲೆಕ್ಕ ಹತ್ತರದ್ದಲ್ಲ: 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮೊಟ್ಟೆಯ ಟ್ರೇಯಲ್ಲಿ 30, ಬಾಳೆಹಣ್ಣು ಡಜನ್ ಲೆಕ್ಕ, ಬೀಡಿ ಕಟ್ಟಿನಲ್ಲಿ 25. ಮನೆಯಲ್ಲಿ ಹೂ ಕಟ್ಟುವವರಿದ್ದರೆ "ಚೆಂಡಿನಲ್ಲಿ ಹತ್ತೇ ಹೂವಾ?" ಎಂದು ಮಗು ಕೇಳಿಯೇ ಕೇಳುತ್ತದೆ, ಮತ್ತು ಅದು ಕೇಳುವುದು ಸರಿ. ಇವನ್ನು ಎರಡನೇ, ಮೂರನೇ ತರಗತಿಗೆ ಇಟ್ಟುಕೊಳ್ಳಿ. ಆಗ 'ಎಲ್ಲರೂ ಹತ್ತರಲ್ಲೇ ಕಟ್ಟುವುದಿಲ್ಲ' ಎಂಬುದೇ ಒಳ್ಳೆಯ ಪಾಠ.

ಗುಳಿಗಳಿರುವ ಚೆನ್ನೆಮಣೆ ಆಟದ ಕೆಂಪು ಮಂಜೊಟ್ಟಿ ಬೀಜ ಬಿಡಿಬಿಡಿಯಾಗಿ ಎಣಿಸಲು ಚೆನ್ನ, ಆದರೆ ಕಟ್ಟಲು ಬರುವುದಿಲ್ಲ; ಉರುಳುತ್ತದೆ. ಮಣೆಯ ಲೆಕ್ಕವೂ ನಾಲ್ಕರದ್ದು, 14 ಗುಳಿಗೆ ನಾಲ್ಕರಂತೆ 56. ಇನ್ನೊಂದು ಎಚ್ಚರ: ಮಂಜೊಟ್ಟಿ ಎಂದುಕೊಂಡು ಗುಲಗಂಜಿ ತರಬೇಡಿ. ಕೆಂಪಿಗೆ ಕಪ್ಪು ಚುಕ್ಕೆ ಇರುವ ಗುಲಗಂಜಿ ವಿಷ, ಜಗಿದರೆ ಜೀವಕ್ಕೇ ಅಪಾಯ.

ಹಪ್ಪಳಕ್ಕೆ ಈ ತೊಂದರೆಗಳಿಲ್ಲ. ಒಂದೇ ಅಳತೆ, ಒಂದೇ ಆಕಾರ, ಸುಲಭವಾಗಿ ಕಟ್ಟಾಗುತ್ತದೆ. ಏಪ್ರಿಲ್, ಮೇಯಲ್ಲಿ ಅಂಗಳದ ಚಾಪೆಯ ಮೇಲೆ ಒಣಗುತ್ತಿರುವುದನ್ನು ಮಕ್ಕಳು ಕಂಡಿರುತ್ತಾರೆ. ಕಾಗೆಯ ಕಾಟವೂ ಗೊತ್ತು, ಮೋಡ ಕಂಡೊಡನೆ ಎಲ್ಲರೂ ಓಡುವುದೂ ಗೊತ್ತು. ಕಥೆಗೆ ಬೇಕಾದ ಅವಸರ ಅದರಲ್ಲೇ ಇದೆ.

ಪುಸ್ತಕ ಕಟ್ಟುವುದು

ಮೂರು ಎ4 ಹಾಳೆ ಅಡ್ಡಕ್ಕೆ ಮಡಚಿ ಒಂದರೊಳಗೊಂದು ಇಟ್ಟರೆ 12 ಪುಟ. ಮೊದಲ ಪುಟ ರಕ್ಷಾಪುಟ, ಕೊನೆಯದು ಹಿಂಬದಿ. ನಡುವೆ ಎದುರುಬದುರು ಪುಟಗಳ ಐದು ಜೋಡಿ. ಹಾಳೆ ಬಿಡಿಸಿಟ್ಟು ಚಿತ್ರ ಬರೆಯುವುದಾದರೆ ಒಂದು ಗುಟ್ಟು: ಹಾಳೆಯ ಒಂದು ಬದಿಯಲ್ಲಿರುವ ಎರಡು ಪುಟಸಂಖ್ಯೆ ಕೂಡಿದರೆ ಯಾವಾಗಲೂ 13 ಆಗಬೇಕು. ಹೊರಹಾಳೆಯಲ್ಲಿ 12-1, ಅದರ ಹಿಂದೆ 2-11; ನಡುಹಾಳೆಯಲ್ಲಿ 10-3, 4-9; ಒಳಹಾಳೆಯಲ್ಲಿ 8-5, 6-7. ಮಡಿಕೆಯಲ್ಲಿ ಸೂಜಿ ದಾರದಿಂದ ಮೂರು ಹೊಲಿಗೆ ಹಾಕಿ. ಸ್ಟೇಪ್ಲರ್ ಪಿನ್ ಬೇಡ. ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆ ಕಿತ್ತು ಬರುತ್ತದೆ.

ಕಥೆ ಹೀಗೆ ಸಾಗಲಿ.

ಪುಟ 2-3: ಚಾಪೆಯ ತುಂಬ ಹಪ್ಪಳ. ಸುಮಿ ಒಂದೊಂದೇ ಎಣಿಸುತ್ತಿದ್ದಾಳೆ. ಕಾಗೆ ಬಂದು ಒಂದನ್ನು ಕಚ್ಚಿಕೊಂಡು ಹಾರುತ್ತದೆ, ಲೆಕ್ಕ ತಪ್ಪುತ್ತದೆ. "ಎಷ್ಟುಂಟು ಮಗಾ?" "ಮರ್ತೇ ಹೋಯ್ತು ಅಜ್ಜಿ, ಪುನಃ ಒಂದರಿಂದ ಎಣಿಸಬೇಕು." ಈ ಪುಟದಲ್ಲಿ ಹಪ್ಪಳ ಚದುರಿಯೇ ಇರಲಿ, ಸಾಲಾಗಿ ಬೇಡ. ಓದುವ ಮಗುವಿಗೂ ಎಣಿಸಲು ಕಷ್ಟವಾಗಬೇಕು. ಕಾಗೆಯ ಕೊಕ್ಕಿನದನ್ನು ಬಿಟ್ಟು ಬಿಡಿಸಬೇಕಾದದ್ದು ಸರಿಯಾಗಿ 34.

ಪುಟ 4-5: ಮೋಡ ಕವಿಯಿತು. ಅಜ್ಜಿ ಹತ್ತು ಹಪ್ಪಳ ಪೇರಿಸಿ ಬಾಳೆನಾರಿನಿಂದ ಕಟ್ಟುತ್ತಾಳೆ. "ಹತ್ತಾದ ಕೂಡಲೇ ಒಂದು ಕಟ್ಟು. ಕಾಗೆ ಬಂದರೂ ಕಟ್ಟಿನ ಲೆಕ್ಕ ತಪ್ಪುದಿಲ್ಲ." ಇಡೀ ಪುಸ್ತಕದಲ್ಲಿ ಹೆಚ್ಚು ಶ್ರಮ ಬೇಡುವ ಪುಟ ಇದು. ಎಡಪುಟದಲ್ಲಿ ಹತ್ತು ಹಪ್ಪಳವನ್ನು ಐದೈದರ ಎರಡು ಸಾಲಾಗಿ ಬಿಡಿಸಿ. ಎಣಿಸದೆಯೇ ಹತ್ತು ಎಂದು ಕಣ್ಣಿಗೆ ಹಿಡಿಯುತ್ತದೆ. ಬಲಪುಟದಲ್ಲಿ 6 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಎತ್ತರದ ದಪ್ಪ ಕಾಗದದ ತುಂಡನ್ನು ಮೇಲಂಚಿಗೆ ಮಾತ್ರ ಅಂಟಿಸಿ. ತುಂಡಿನ ಮೇಲೆ ಕಟ್ಟಿದ ಕಟ್ಟು. ಎತ್ತಿದರೆ ಅಡಿಯಲ್ಲಿ ಅದೇ ಹತ್ತು ಹಪ್ಪಳ. ಕಟ್ಟು ಎಂದರೆ ಒಂದು ಮತ್ತು ಕಟ್ಟು ಎಂದರೆ ಹತ್ತು, ಎರಡೂ ಏಕಕಾಲಕ್ಕೆ ನಿಜ ಎಂಬುದು ಆರು ವರ್ಷದ ಮಗುವಿಗೆ ಜೀರ್ಣವಾಗುವುದು ಕಷ್ಟ. ಆ ತುಂಡನ್ನು ಎತ್ತಿ ಮುಚ್ಚಿ, ಎತ್ತಿ ಮುಚ್ಚಿ ನೋಡುವಾಗ ಅದು ಸ್ವಲ್ಪಸ್ವಲ್ಪವಾಗಿ ಒಳಗಿಳಿಯುತ್ತದೆ. ಬೇಸರವಾಗುವಷ್ಟು ಸಲ ಎತ್ತಲಿ, ತಡೆಯಬೇಡಿ.

ಪುಟ 6-7: ಮೂರು ಕಟ್ಟು ಎಡಕ್ಕೆ, ನಾಲ್ಕು ಬಿಡಿ ಹಪ್ಪಳ ಬಲಕ್ಕೆ ಒಂದು ತಟ್ಟೆಯಲ್ಲಿ. "ಈಗ ಎಷ್ಟುಂಟು?" "ಮೂರು ಕಟ್ಟು ಉಂಟು, ನಾಲ್ಕು ಬಿಡಿ ಉಂಟು." ಅಂಕಿ ಬರೆಯಬೇಡಿ.

ಪುಟ 8-9: ಮಾಡಿನ ಮೇಲೆ ಒಣಗಿಸಿದ್ದ ಇನ್ನೈದು ಬಂದವು, ಬಿಡಿ ತಟ್ಟೆಯಲ್ಲಿ ಒಂಬತ್ತು. ಅಷ್ಟರಲ್ಲಿ ಕಾಗೆ ಕೊಕ್ಕಿನಿಂದ ಹಪ್ಪಳ ಬೀಳಿಸಿತು. ಹತ್ತಾಯಿತು! ನಾಲ್ಕು ಕಟ್ಟು, ತಟ್ಟೆ ಖಾಲಿ. ಖಾಲಿ ತಟ್ಟೆಯನ್ನು ದೊಡ್ಡದಾಗಿ ಬಿಡಿಸಿ, ಮರೆಯಬೇಡಿ. ಮುಂದೆ ಸೊನ್ನೆ ಕೂರುವುದು ಅಲ್ಲೇ.

ಪುಟ 10-11: ಪಕ್ಕದ ಮನೆಯ ಅಕ್ಕ ಬಂದು ಆರು ಹಪ್ಪಳ ಕೇಳುತ್ತಾಳೆ. ತಟ್ಟೆಯಲ್ಲಿ ಬಿಡಿಯೇ ಇಲ್ಲ. ಸುಮಿ ಒಂದು ಕಟ್ಟು ಬಿಚ್ಚುತ್ತಾಳೆ, ಹತ್ತರಲ್ಲಿ ಆರು ಕೊಡುತ್ತಾಳೆ. "ಈಗ ಎಷ್ಟುಂಟು?" ಎಂಬಲ್ಲಿಗೆ ಕಥೆ ನಿಲ್ಲಲಿ, ಉತ್ತರ ಬರೆಯಬೇಡಿ. ಆರನೇ ಪುಟಕ್ಕೆ ತಿರುಗಿಸಿ "ಇಲ್ಲಿದ್ದಷ್ಟೇ ಉಂಟಲ್ಲ!" ಎಂದು ಮಕ್ಕಳೇ ಕಂಡುಹಿಡಿಯಬೇಕು.

ಕೈಗೆ ಸಿಗುವ ಸಾಮಗ್ರಿ

ಚಿತ್ರ ನೋಡಿದ್ದು ಸಾಲದು, ಕೈಯಲ್ಲಿ ಕಟ್ಟಬೇಕು. ಹೊಸ ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆ) ಕಡ್ಡಿಗಳನ್ನು 8 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಚೂಪಾದ ತುದಿ ಬಿಟ್ಟು ಬುಡದ ಭಾಗ ಮಾತ್ರ ಆರಿಸಿಕೊಳ್ಳಿ. ಒಂದು ಜೋಡಿ ಮಕ್ಕಳಿಗೆ 60 ಕಡ್ಡಿ, ಎಂಟು ರಬ್ಬರ್ ಬ್ಯಾಂಡ್ ಸಾಕು. ಹಪ್ಪಳದಂತೆಯೇ ಇರಲಿ ಎಂದು ನೋಟ್‌ಬುಕ್ ರಟ್ಟಿನ ಬಿಲ್ಲೆಯನ್ನೂ ಮಾಡಬಹುದು, ಆದರೆ ಕಡ್ಡಿಯೇ ಮೇಲು: ಕಟ್ಟಿದ ಮೇಲೂ ಹತ್ತು ತುದಿಗಳು ಕಾಣುತ್ತವೆ, ಎಣಿಸಬಹುದು. ಪೇರಿಸಿದ ಬಿಲ್ಲೆಯಲ್ಲಿ ಒಂಬತ್ತಿದೆಯೋ ಹನ್ನೊಂದಿದೆಯೋ ತಿಳಿಯದು. ತೆಳು ಕಾಗದದ ಬಿಲ್ಲೆಯಂತೂ ಜೂನ್ ಬಂದರೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ರಬ್ಬರ್ ಬ್ಯಾಂಡ್ ಸುತ್ತಲು ಬಾರದ ಪುಟ್ಟ ಕೈಗಳಿಗೆ ಬಟ್ಟೆ ಕ್ಲಿಪ್ ಕೊಡಿ.

ಮೊದಲೇ ಕಟ್ಟಿಟ್ಟ ಕಟ್ಟುಗಳನ್ನು ಹಂಚಬೇಡಿ. ಸಮಯ ಉಳಿಯುತ್ತದೆ ಎಂದು ಹೀಗೆ ಮಾಡುವವರು ಬಹಳ, ಹಾಳಾಗುವುದೂ ಅಲ್ಲೇ. ತಾನು ಕಟ್ಟದ ಕಟ್ಟು ಮಗುವಿಗೆ ಬರೀ ಒಂದು ದಪ್ಪ ಕಡ್ಡಿ. ಶಾಲೆಯ ಗಣಿತ ಕಿಟ್‌ನಲ್ಲಿ ಬರುವ ಅಂಟಿದ ಹತ್ತರ ಪಟ್ಟಿಗೂ ಇದೇ ಮಾತು. ಅದನ್ನು ಬಿಚ್ಚಲು ಬರುವುದಿಲ್ಲ. ಕಡ್ಡಿಯಲ್ಲಿ ಕಟ್ಟಿ ಬಿಚ್ಚಿ ಅಭ್ಯಾಸವಾದ ಮೇಲೆ ಪಟ್ಟಿಗೆ ಹೋಗಿ.

ಐದು ದಿನದ ಓದು

ಮಗು 20ರವರೆಗೆ ಒಂದೊಂದನ್ನು ಮುಟ್ಟಿ, ಯಾವುದನ್ನೂ ಬಿಡದೆ, ಎರಡು ಸಲ ಎಣಿಸದೆ ಹೇಳಬಲ್ಲದಾದರೆ ಶುರು ಮಾಡಬಹುದು. ಅದಕ್ಕೂ ಮೊದಲು ಅವಸರ ಬೇಡ. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಲಿಕಾ ಯೋಜನೆಯ ಗುರಿಯೂ ಒಂದನೇ ತರಗತಿ ಮುಗಿಯುವಾಗ 99ರವರೆಗೆ ಓದಿ ಬರೆಯುವುದು, ಎರಡರಲ್ಲಿ 999; ಅಂದರೆ ಸಮಯ ಉಂಟು. ದಿನಕ್ಕೆ 20 ನಿಮಿಷ ಸಾಕು.

ಮೊದಲ ದಿನ ಬರೀ ಕಥೆ. ಗಣಿತದ ಪ್ರಶ್ನೆ ಒಂದೂ ಬೇಡ. ಕಾಗೆಗೆ ನಗಲಿ, ಅಜ್ಜಿಯ ಮಾತನ್ನು ಅಣಕಿಸಲಿ. ಎರಡನೇ ದಿನ ಕಡ್ಡಿಯೊಡನೆ ಓದಿ: ಪುಟದಲ್ಲಿ ಏನಾಗುತ್ತದೋ ಮಗುವಿನ ಕೈಯಲ್ಲೂ ಅದೇ ಆಗಬೇಕು. ನೀವೇ ಕಾಗೆಯಾಗಿ ನಡುವೆ ಒಂದು ಕಡ್ಡಿ ಎಗರಿಸಿ ಲೆಕ್ಕ ತಪ್ಪಿಸಿ. ಕಟ್ಟು ಕಟ್ಟಬೇಕೆಂಬ ಹಂಬಲ ಆಗಲೇ ಹುಟ್ಟುವುದು.

ಮೂರನೇ ದಿನ ಹಾಸು. ಒಂದು ಎ3 ಹಾಳೆಯ ನಡುವೆ ಗೆರೆ, ಎಡಕ್ಕೆ ಕಟ್ಟಿನ ಚಿತ್ರ, ಬಲಕ್ಕೆ ತಟ್ಟೆಯ ಚಿತ್ರ. ಇಲ್ಲಿ ಕೂರುವ ಜಾಗ ಮುಖ್ಯ. ನೀವು ಮಗುವಿನ ಎದುರು ಕೂತರೆ ನಿಮ್ಮ ಎಡ ಅದಕ್ಕೆ ಬಲ. ತರಗತಿಯಲ್ಲಿ ವೃತ್ತವಾಗಿ ಕೂರಿಸಿ ನಡುವೆ ಒಂದೇ ಹಾಸು ಹಾಕಿದರೆ ಅರ್ಧ ಮಕ್ಕಳು 34ನ್ನು 43 ಆಗಿ ನೋಡುತ್ತಿರುತ್ತಾರೆ. ಮಗುವಿನ ಪಕ್ಕದಲ್ಲೇ ಕೂರಿ. ತರಗತಿಯಲ್ಲಾದರೆ ಜೋಡಿಗೊಂದು ಹಾಸು, ಇಬ್ಬರೂ ಒಂದೇ ಬದಿಯಲ್ಲಿ.

ನಾಲ್ಕನೇ ದಿನ ಅಂಕಿ ಬರಲಿ. 5 ಸೆಂಟಿಮೀಟರ್ ಎತ್ತರದ ಎರಡು ಬಗೆಯ ಕಾರ್ಡು ಮಾಡಿ: 10, 20, 30ರಿಂದ 90ರವರೆಗಿನವು 8 ಸೆಂಟಿಮೀಟರ್ ಅಗಲ, 1ರಿಂದ 9ರವು 4 ಸೆಂಟಿಮೀಟರ್ ಅಗಲ. ಮೂರು ಕಟ್ಟಿನ ಕೆಳಗೆ 30, ನಾಲ್ಕು ಬಿಡಿಯ ಕೆಳಗೆ 4 ಇಡಲಿ. ಆಮೇಲೆ 4ರ ಕಾರ್ಡನ್ನು ಎತ್ತಿ 30ರ ಸೊನ್ನೆಯ ಮೇಲೆ ಸರಿಯಾಗಿ ಕೂರಿಸಿದರೆ 34. ಕಾರ್ಡು ಸರಿಸಿದರೆ ಸೊನ್ನೆ ಅಲ್ಲೇ ಅಡಗಿರುವುದು ಕಾಣುತ್ತದೆ. ಒಂದು ಅಂಕಿಗೆ ಸರಿಯಾಗಿ 4 ಸೆಂಟಿಮೀಟರ್ ಜಾಗ ಹಿಡಿಯುವಂತೆ ಬರೆಯಿರಿ, ಇಲ್ಲದಿದ್ದರೆ ಸೊನ್ನೆ ಅರ್ಧ ಇಣುಕುತ್ತದೆ.

ಐದನೇ ದಿನ ಕೊನೆಯ ಎರಡು ಪುಟ ಮಾತ್ರ. ಬಿಚ್ಚುವುದು, ಕೊಡುವುದು, ಮತ್ತೆ ಎಣಿಸುವುದು. ಮುಂದೆ ದಶಕ ಸಹಿತ ಸಂಕಲನ, ಎರವಲು ಪಡೆಯುವ ವ್ಯವಕಲನ ಎಂದು ಬರುವುದೆಲ್ಲ ಈ ಪುಟಗಳದ್ದೇ ಲೆಕ್ಕ. ಇಲ್ಲಿ ಇನ್ನೊಂದು ದಿನ ಹೆಚ್ಚು ಹಿಡಿದರೂ ನಷ್ಟವಿಲ್ಲ.

ಎಲ್ಲಿ ಎಡವುತ್ತಾರೆ

ಮೂರು ಕಟ್ಟು, ನಾಲ್ಕು ಬಿಡಿ ಇಟ್ಟರೆ "ಏಳು" ಎನ್ನುವ ಮಗುವಿದೆ. ಕಣ್ಣಿಗೆ ಕಾಣುವುದು ಏಳು ವಸ್ತು, ಅದು ಏಳೇ ಎಣಿಸಿತು. "ತಪ್ಪು" ಎನ್ನುವ ಬದಲು ಒಂದು ಕಟ್ಟು ಬಿಚ್ಚಿಸಿ, ಎಣಿಸಿ, ಪುನಃ ಕಟ್ಟಿಸಿ. ಎಣಿಸುವಾಗ ಕೈಯ ಚಲನೆಯೂ ಬೇರೆಯಾಗಲಿ: ಕಟ್ಟನ್ನು ಇಡೀ ಅಂಗೈಯಿಂದ ಒತ್ತಿ "ಹತ್ತು, ಇಪ್ಪತ್ತು, ಮೂವತ್ತು", ಬಿಡಿಯನ್ನು ಒಂದು ಬೆರಳಿನಿಂದ ಮುಟ್ಟಿ "ಮೂವತ್ತೊಂದು, ಮೂವತ್ತೆರಡು". ಅಂಗೈಯಿಂದ ಬೆರಳಿಗೆ ಬದಲಾಗುವ ಕ್ಷಣದಲ್ಲೇ ಮಗು ತಡವರಿಸುತ್ತದೆ. ಅಲ್ಲಿ ನೀವೂ ಒಂದು ಉಸಿರು ನಿಲ್ಲಿ.

34 ಬರೆ ಎಂದರೆ 304 ಎಂದು ಬರೆಯುವುದು ತೀರಾ ಸಾಮಾನ್ಯ. ಕೇಳಿದ್ದು ಮೂವತ್ತು, ಆಮೇಲೆ ನಾಲ್ಕು, ಕೇಳಿದಂತೆ ಬರೆದಿದೆ. ಕಾರ್ಡು ಪೇರಿಸುವ ಆಟ ಇರುವುದೇ ಈ ತಪ್ಪಿಗಾಗಿ. 40ನ್ನು ಬರೀ 4 ಎಂದು ಬರೆದರೆ ಒಂಬತ್ತನೇ ಪುಟದ ಖಾಲಿ ತಟ್ಟೆ ತೋರಿಸಿ. "ಸೊನ್ನೆ ಅಂದರೆ ಏನೂ ಇಲ್ಲ" ಎಂದು ಹೇಳಿಕೊಟ್ಟ ಮಕ್ಕಳೇ ಇದನ್ನು ಹೆಚ್ಚು ಮಾಡುತ್ತಾರೆ. ಏನೂ ಇಲ್ಲದ್ದನ್ನು ಯಾಕೆ ಬರೆಯಬೇಕು? "ತಟ್ಟೆ ಉಂಟು, ತಟ್ಟೆಯಲ್ಲಿ ಬಿಡಿ ಇಲ್ಲ" ಎಂದು ಹೇಳಿಕೊಡಿ.

43, 34 ಅದಲುಬದಲಾಗುವುದಕ್ಕೆ ಕೂರುವ ಜಾಗದ ಜೊತೆ ಮನೆಮಾತೂ ಕಾರಣವಾಗಬಹುದು. ಕನ್ನಡ, ತುಳುವಿನಲ್ಲಿ ಹತ್ತು ಮೊದಲು, ಬಿಡಿ ಆಮೇಲೆ. ಬರೆಯುವ ಕ್ರಮವೂ ಅದೇ. ಕೊಂಕಣಿಯಲ್ಲಿ ಬಿಡಿ ಮೊದಲು ಕೇಳುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಸಿಕ್ಸ್‌ಟೀನ್‌ನಲ್ಲಿ ಆರು ಮೊದಲು, ಮೇಲಿಂದ ಸಿಕ್ಸ್‌ಟಿಯ ಗೊಂದಲ ಬೇರೆ. ಹೀಗಿರುವ ಮಗುವಿಗೆ "ಮೂರು ಕಟ್ಟು ನಾಲ್ಕು ಬಿಡಿ" ಎಂಬ ಅಜ್ಜಿಯ ಮಾತನ್ನೇ ಕೆಲವು ವಾರ ಹೇಳಿಸಿ, ಸಂಖ್ಯೆಯ ಹೆಸರು ಆಮೇಲೆ. ಕನ್ನಡದಲ್ಲೂ 11ರಿಂದ 19ರವರೆಗಿನ ಹೆಸರುಗಳಲ್ಲಿ ಹತ್ತು ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ, ಅದಕ್ಕೇ ಕಥೆಯನ್ನು 12ರಿಂದಲ್ಲ, 34ರಿಂದ ಶುರು ಮಾಡಿದ್ದು. ಎಂಬತ್ತು, ತೊಂಬತ್ತು, ಒಂಬತ್ತು ಒಂದೇ ಥರ ಕೇಳಿ ಮಕ್ಕಳು ಕಲಸಿಕೊಳ್ಳುತ್ತಾರೆ. ಆ ಮೂರನ್ನು ಪ್ರತ್ಯೇಕವಾಗಿ ಕಡ್ಡಿಯಿಟ್ಟು ಆಡಿಸಬೇಕು.

ತಪ್ಪಲ್ಲದ್ದನ್ನು ತಪ್ಪೆನ್ನುವುದು ನಾವು ಮಾಡುವ ಅನ್ಯಾಯ. ಒಂದು ಮಗು 34ಕ್ಕೆ ಎರಡು ಕಟ್ಟು, ಹದಿನಾಲ್ಕು ಬಿಡಿ ಇಟ್ಟಿತೆನ್ನಿ. ಲೆಕ್ಕ ಸರಿಯಾಗಿಯೇ ಇದೆ. "ಇನ್ನೊಂದು ಕಟ್ಟು ಆಗುತ್ತದಾ ನೋಡು" ಎಂದರೆ ಸಾಕು. ಕಟ್ಟು ಬಿಚ್ಚಿ ಆರು ಕೊಡುವಾಗ ನಡುವೆ ಬರುವುದು ಇಂಥದ್ದೇ ರೂಪ: ಮೂರು ಕಟ್ಟು, ಹತ್ತು ಬಿಡಿ. ಇದನ್ನು ತಪ್ಪೆಂದು ಕಲಿತ ಮಗು ಮೂರನೇ ತರಗತಿಯಲ್ಲಿ ಎರವಲು ಬಂದಾಗ ಕಂಗಾಲಾಗುತ್ತದೆ.

ಬಣ್ಣದ ವಿಷಯದಲ್ಲೂ ಜಾಗ್ರತೆ. ಹತ್ತಕ್ಕೆ ಯಾವಾಗಲೂ ಕೆಂಪು, ಬಿಡಿಗೆ ಯಾವಾಗಲೂ ನೀಲಿ ಎಂದು ಕಾರ್ಡು, ಮಣಿಗಳನ್ನು ಮಾಡಿದರೆ ಮಗು ಬಣ್ಣ ನೋಡಿ ಉತ್ತರ ಹೇಳುತ್ತದೆ, ಜಾಗ ನೋಡುವುದೇ ಇಲ್ಲ. ಪುಸ್ತಕದಲ್ಲಿ ಹಪ್ಪಳ ಹಪ್ಪಳದ ಬಣ್ಣದಲ್ಲೇ ಇರಲಿ.

ದುಡ್ಡಿನಲ್ಲಿ ಶುರು ಮಾಡುವುದೂ ಬೇಡ. ಹತ್ತು ರೂಪಾಯಿ ನಾಣ್ಯದೊಳಗೆ ಹತ್ತು ಒಂದು ರೂಪಾಯಿ ಕಾಣುವುದಿಲ್ಲ, ಬಿಚ್ಚಲೂ ಬರುವುದಿಲ್ಲ. ಕಡ್ಡಿಯ ಕೆಲಸ ಗಟ್ಟಿಯಾದ ಮೇಲೆ ಅಂಗಡಿ ಆಟ ಆಡಿಸಿ. ಅದು ವಿನಿಮಯ, ಬೇರೆಯೇ ಮೆಟ್ಟಿಲು.

ಡಬ್ಬಕ್ಕೆ ನೂರು

ಒಂದು ವಾರದ ನಂತರ 16 ಕಡ್ಡಿಯ ಪ್ರಶ್ನೆಯನ್ನು ಕೇಳಿ ನೋಡಿ. 1ಕ್ಕೆ ಹತ್ತು ಕಡ್ಡಿ ಸರಿಸುವ ಮಗುವಿಗೆ ಎರಡನೇ ಪುಸ್ತಕ ಮಾಡಬಹುದು: ಹತ್ತು ಕಟ್ಟಾದರೆ ಒಂದು ಡಬ್ಬ. ಮಳೆಗಾಲಕ್ಕೆ ಹಪ್ಪಳ ಡಬ್ಬದಲ್ಲಿ ಇಡುವುದೇ ರೂಢಿ, ಕಾರಣ ಹೇಳಬೇಕಾಗಿಲ್ಲ. ಒಂದೇ ಕಡ್ಡಿ ಇನ್ನೂ ಎತ್ತುವ ಮಗುವಿಗೆ ಮೊದಲ ಪುಸ್ತಕವನ್ನೇ ಬೇರೆ ಸಂಖ್ಯೆಯಲ್ಲಿ ಓದಿ, 27ರಿಂದ ಶುರು ಮಾಡಿ 30ಕ್ಕೆ ಬಂದು ಐದು ಕೊಟ್ಟು 25ಕ್ಕೆ ಇಳಿಯಿರಿ.

ಎರಡನೇ ಕಥೆಯ ಜೀವಾಳ 99. ಒಂಬತ್ತು ಕಟ್ಟು, ಒಂಬತ್ತು ಬಿಡಿ. ಒಂದು ಹಪ್ಪಳ ಬಂದರೆ ಬಿಡಿ ಕಟ್ಟಾಗಿ, ಕಟ್ಟುಗಳು ಡಬ್ಬವಾಗಿ, ಎರಡು ಜಾಗ ಒಟ್ಟಿಗೇ ಖಾಲಿ. ಇದನ್ನು ಒಂದೇ ಪುಟದಲ್ಲಿ ತುರುಕಬೇಡಿ, ಮೂರು ಪುಟ ಕೊಡಿ: ಬಿಡಿ ಹತ್ತಾದದ್ದು, ಕಟ್ಟು ಹತ್ತಾದದ್ದು, ಮುಚ್ಚಳ ಹಾಕಿದ್ದು. ನೂರರ ಕಾರ್ಡು 12 ಸೆಂಟಿಮೀಟರ್ ಅಗಲ. ನೂರನಾಲ್ಕನ್ನು 1004 ಎಂದು ಬರೆಯುವ ಮಕ್ಕಳು ಇಲ್ಲಿ ಸಾಲುಸಾಲಾಗಿ ಬರುತ್ತಾರೆ. 100ರ ಕಾರ್ಡಿನ ಬಲತುದಿಯ ಮೇಲೆ 4ರ ಕಾರ್ಡು ಇಡಿಸಿ, ನಡುವೆ ಉಳಿದ ಸೊನ್ನೆಯ ಮೇಲೆ ಬೆರಳಿಟ್ಟು "ಇದು ಯಾವ ಜಾಗ, ಅಲ್ಲಿ ಎಷ್ಟುಂಟು?" ಎಂದು ಕೇಳಿ. "ಕಟ್ಟಿನ ಜಾಗ, ಅಲ್ಲಿ ಕಟ್ಟು ಇಲ್ಲ, ಡಬ್ಬದೊಳಗೆ ಹತ್ತು ಕಟ್ಟು ಉಂಟು" ಎಂದು ಉತ್ತರಿಸುವ ಮಗು ಮುಂದಿನ 140, 204ಕ್ಕೆ ತಯಾರು.